ಅಮೆರಿಕದ ಸೈನಿಕ ಮತ್ತು ಬಾಡಿಗೆ ಮನೆ: 50 ಡಾಲರ್ ಮಿತಿಯಿಂದ ಇಲ್ಲಿಯವರೆಗೆ

ಅಮೆರಿಕದಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ ಒಂದು ವರ್ಷದ್ದು. ನಡುವೆ ಬಿಟ್ಟರೆ ದಂಡ ತೆರಬೇಕು. ಆದರೆ ವರ್ಗಾವಣೆ ಆದೇಶ ಕೈಗೆ ಬಂದ ಸೈನಿಕ ಹೊರಡಲೇಬೇಕು. ಈ ಇಕ್ಕಟ್ಟನ್ನು ಬಿಡಿಸಲು ಅಲ್ಲಿನ ಕಾನೂನಿಗೆ ಬಹಳ ಕಾಲ ಹಿಡಿಯಿತು.

1918ರ ಮಾರ್ಚ್‌ನಲ್ಲಿ, ಮೊದಲ ಮಹಾಯುದ್ಧದ ನಡುವೆ ಬಂದ ಕಾಯ್ದೆ ನೋಡಿದ್ದು ಊರಲ್ಲಿ ಉಳಿದ ಹೆಂಡತಿ ಮಕ್ಕಳ ಕಷ್ಟವನ್ನು. ತಿಂಗಳ ಬಾಡಿಗೆ 50 ಡಾಲರ್ ಮೀರದಿದ್ದರೆ, ಕೋರ್ಟ್ ಅನುಮತಿಯಿಲ್ಲದೆ ಅವರನ್ನು ಹೊರಹಾಕುವಂತಿರಲಿಲ್ಲ. ಯುದ್ಧದ ಜೊತೆಗೆ ಆ ಕಾಯ್ದೆಯೂ ಮುಗಿಯಿತು. 1940ರಲ್ಲಿ ಮತ್ತೆ ತಂದಾಗ ಮಿತಿ 80 ಡಾಲರ್ ಆಯಿತು, 1966ರಲ್ಲಿ 150. ಆಮೇಲೆ 25 ವರ್ಷ ಯಾರೂ ಅದನ್ನು ಮುಟ್ಟಲಿಲ್ಲ. ಬಾಡಿಗೆಗಳು ಏರುತ್ತ ಹೋದವು, ರಕ್ಷಣೆ ಪುಸ್ತಕದಲ್ಲೇ ಉಳಿಯಿತು. ಕೊಲ್ಲಿ ಯುದ್ಧದ ಹೊತ್ತಿಗೆ, 1991ರಲ್ಲಿ, ಅದನ್ನು ಒಮ್ಮೆಲೇ 1,200 ಡಾಲರಿಗೆ ಏರಿಸಬೇಕಾಯಿತು. 2003ರ ಹೊಸ ಕಾಯ್ದೆ 2,400 ಎಂದು ಹೇಳಿ, ಪ್ರತಿ ವರ್ಷ ಬೆಲೆ ಸೂಚ್ಯಂಕದಂತೆ ತಾನಾಗಿ ಏರುವ ವ್ಯವಸ್ಥೆ ಮಾಡಿತು. 2024ರಲ್ಲಿ ಮಿತಿ 9,800 ಡಾಲರ್ ದಾಟಿತ್ತು. ಇಡೀ ಕಾಯ್ದೆಯಲ್ಲಿ ಅತ್ಯಂತ ವಿವೇಕದ ತಿದ್ದುಪಡಿ ಇದೇ.

ಕರಾರು ಮುರಿಯುವ ಹಕ್ಕಿನ ಕಥೆ ಬೇರೆ. 1942ರಲ್ಲಿ ಅದು ಸಿಕ್ಕಿದ್ದು ಸೇನೆ ಸೇರುವ ಮೊದಲೇ ಮನೆ ಹಿಡಿದಿದ್ದವರಿಗೆ ಮಾತ್ರ. ಸೇವೆಯಲ್ಲಿದ್ದುಕೊಂಡು ಸಹಿ ಹಾಕಿದವರು ಕರಾರಿನಲ್ಲೇ ಒಂದು ಷರತ್ತು ಸೇರಿಸಿಕೊಳ್ಳಬೇಕಿತ್ತು, ಅದೂ ಮಾಲೀಕ ಒಪ್ಪಿದರೆ. 2003ರ ನಂತರ ಕಾಯಂ ವರ್ಗಾವಣೆಗೂ, 90 ದಿನ ಅಥವಾ ಹೆಚ್ಚಿನ ನಿಯೋಜನೆಗೂ ಈ ಹಕ್ಕು ಇದೆ. (ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಯೋಧನನ್ನು ಇನ್ನೊಂದು ಕಡೆಯಿಂದ ನೋಡುತ್ತದೆ: ಅವನೇ ಮಾಲೀಕನಾಗಿದ್ದರೆ ಮನೆ ಬೇಗ ವಾಪಸ್ ಪಡೆಯಲು ದಾರಿ ಕೊಡುತ್ತದೆ.)

ಹೆಚ್ಚಿನವರು ಎಡವುವುದು ತಾರೀಕಿನ ಲೆಕ್ಕದಲ್ಲಿ. ನೋಟಿಸ್ ಬರಹದಲ್ಲಿರಬೇಕು, ಆದೇಶದ ಪ್ರತಿ ಜೊತೆಗಿರಬೇಕು, ಬಾಯಿಮಾತು ಸಾಲದು. ಆದೇಶ ಇನ್ನೂ ಅಚ್ಚಾಗದಿದ್ದರೆ ಕಮಾಂಡಿಂಗ್ ಅಧಿಕಾರಿಯ ದೃಢೀಕರಣ ಪತ್ರ ನಡೆಯುತ್ತದೆ. ಖುದ್ದಾಗಿ ಕೊಡಬಹುದು, ಕೊರಿಯರ್ ಮಾಡಬಹುದು, ಸ್ವೀಕೃತಿ ರಸೀದಿ ಬರುವ ಅಂಚೆಯಲ್ಲಿ ಕಳಿಸಬಹುದು. ನೋಟಿಸ್ ಕೊಟ್ಟ ಮೇಲೆ ಬರುವ ಮೊದಲ ಬಾಡಿಗೆ ದಿನದಿಂದ 30 ದಿನ ಕಳೆದರೆ ಕರಾರು ಮುಗಿಯುತ್ತದೆ. ಪ್ರತಿ ತಿಂಗಳು 1ಕ್ಕೆ ಬಾಡಿಗೆ ಕಟ್ಟುವವರು ಜೂನ್ 5ಕ್ಕೆ ನೋಟಿಸ್ ಕೊಟ್ಟರೆ 30 ದಿನ ಎಣಿಸಬೇಕಾದ್ದು ಜುಲೈ 1ರಿಂದ. ಕರಾರು ಮುಗಿಯುವುದು ಜುಲೈ 31ಕ್ಕೆ. ಅದನ್ನೇ ಮೇ 30ಕ್ಕೆ ಕೊಟ್ಟಿದ್ದರೆ ಜುಲೈ 1ಕ್ಕೇ ಮುಗಿಯುತ್ತಿತ್ತು. ಆರು ದಿನದ ತಡಕ್ಕೆ ಒಂದು ತಿಂಗಳ ಬಾಡಿಗೆ ತೆರಬೇಕಾಗುತ್ತದೆ. ಅವಧಿಗೆ ಮೊದಲೇ ಬಿಟ್ಟರೆಂದು ದಂಡ ಹಾಕುವಂತಿಲ್ಲ, ಆದರೆ ಸಹಜ ಸವೆತ ಮೀರಿದ ಹಾನಿಗೆ ಹಣ ಕೇಳಬಹುದು. ಮುಂಗಡವಾಗಿ ಕಟ್ಟಿದ ಬಾಡಿಗೆಯಲ್ಲಿ ಉಳಿದದ್ದು ಕರಾರು ಮುಗಿದ 30 ದಿನದೊಳಗೆ ವಾಪಸ್ ಬರಬೇಕು.

ಹೊರಹಾಕುವ ಪ್ರಕರಣದಲ್ಲೂ ಕೇಳದೆ ಎಲ್ಲವೂ ಸಿಗುವುದಿಲ್ಲ. ಸೇವೆಯಿಂದಾಗಿ ಬಾಡಿಗೆ ಕಟ್ಟುವ ಶಕ್ತಿ ನಿಜಕ್ಕೂ ಕುಗ್ಗಿದೆ ಎಂದು ತೋರಿಸಿ ಅರ್ಜಿ ಹಾಕಿದರೆ ಕೋರ್ಟ್ 90 ದಿನ ತಡೆ ಕೊಡಬೇಕು. ಬಾಡಿಗೆ ಬಾಕಿ ಮಾತ್ರ ಮನ್ನಾ ಆಗುವುದಿಲ್ಲ.

2020ರಲ್ಲಿ ಇನ್ನೊಂದು ಬಿರುಕು ಕಂಡಿತು. ವರ್ಗಾವಣೆ ನಂಬಿ ಹೊಸ ಊರಲ್ಲಿ ಮನೆ ಹಿಡಿದವರನ್ನು ಕೊರೊನಾ ಕಾಲದ ಸಂಚಾರ ತಡೆ ಆದೇಶ ಹಳೆಯ ಊರಲ್ಲೇ ನಿಲ್ಲಿಸಿತು. ಎರಡೂ ಕಡೆ ಬಾಡಿಗೆ ಬೀಳತೊಡಗಿತು. ಆ ಆಗಸ್ಟ್‌ನಲ್ಲಿ ಅವರಿಗೂ ಕರಾರು ಮುರಿಯುವ ಹಕ್ಕು ಸೇರಿತು.