ಶತ್ರುವಿನ ಕೈಗೆ ಧರ್ಮದ ಓಲೆ

ಕಲಾಸಿಪಾಳ್ಯದ ಬಸ್ಸುಗಳ ಹಾರ್ನ್ ಕೇಳಿಸುವಷ್ಟು ಹತ್ತಿರದಲ್ಲಿ ತೇಗದ ಕಂಬಗಳ ಮೇಲೆ ನಿಂತಿರುವ ಬೆಂಗಳೂರಿನ ಟಿಪ್ಪು ಅರಮನೆಗೆ ಬರುವವರು ಅವನ ಯುದ್ಧಗಳನ್ನು ನೆನೆಯುತ್ತಾರೆಯೇ ಹೊರತು, ಕೊನೆಯ ಯುದ್ಧಕ್ಕೆ ಮುನ್ನ ಅವನಿಗೆ ಬಂದ ಪತ್ರವೊಂದನ್ನಲ್ಲ. 1798ರ ಜುಲೈಯಲ್ಲಿ ನೆಪೋಲಿಯನ್ ಈಜಿಪ್ಟಿಗೆ ನುಗ್ಗಿದಾಗ ಆ ನಾಡು ಆಟೊಮನ್ ಸಾಮ್ರಾಜ್ಯಕ್ಕೆ ಸೇರಿತ್ತು. ಕೆಲವೇ ವಾರಗಳಲ್ಲಿ ಅದರ ಸುಲ್ತಾನ ಮೂರನೆಯ ಸಲೀಂ, ಮುಸ್ಲಿಮರ ಧರ್ಮನಾಯಕನೆನಿಸಿದ ಖಲೀಫನ ಸ್ಥಾನದಿಂದ, ಫ್ರೆಂಚರು ಇಸ್ಲಾಮಿನ ವೈರಿಗಳೆಂದೂ ಅವರ ಸಂಗ ಬಿಡಬೇಕೆಂದೂ ಇಂಗ್ಲಿಷರೊಡನೆ ತಕರಾರಿದ್ದರೆ ತಾನೇ ಮಧ್ಯಸ್ಥಿಕೆ ವಹಿಸುವುದಾಗಿಯೂ ಟಿಪ್ಪುವಿಗೆ ಬರೆದ. ಹೀಗೆ ಬರೆಯುವಂತೆ ಮಾಡಿದ್ದು ಬ್ರಿಟಿಷರು. 1799ರ ಜನವರಿಯಲ್ಲಿ ಅದನ್ನು ಟಿಪ್ಪುವಿಗೆ ಕಳುಹಿಸಿದವನು ಗವರ್ನರ್ ಜನರಲ್ ವೆಲ್ಲೆಸ್ಲಿ. ಹಿಂದಿನ ದಶಕದಲ್ಲಿ ಅದೇ ಆಸ್ಥಾನಕ್ಕೆ ಇಂಗ್ಲಿಷರ ವಿರುದ್ಧ ನೆರವು ಕೋರಿ ನಿಯೋಗ ಕಳುಹಿಸಿದ್ದವನು ಟಿಪ್ಪುವೇ. ಆಗ ಮರ್ಯಾದೆ ಸಿಕ್ಕಿತ್ತು, ಸೈನ್ಯ ಸಿಕ್ಕಿರಲಿಲ್ಲ. ಈ ಸಲ ಅವನು ವಿನಯದ ಉತ್ತರ ಬರೆದ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಪತ್ರದಿಂದ ಯುದ್ಧ ನಿಲ್ಲಲಿ ಎಂಬ ಆಸೆ ವೆಲ್ಲೆಸ್ಲಿಗೆ ಇದ್ದಂತೆ ನನಗಂತೂ ಕಾಣುವುದಿಲ್ಲ.

ಇಂಥ ಓಲೆಗಳ ವಿಳಾಸ ಒಂದಾದರೆ ಓದುಗರು ಬೇರೆ. 1989ರ ಜನವರಿಯಲ್ಲಿ ಇರಾನಿನ ಸರ್ವೋಚ್ಚ ನಾಯಕ ಖೊಮೇನಿ, ಕಮ್ಯುನಿಸಂ ಇನ್ನು ವಸ್ತುಸಂಗ್ರಹಾಲಯದ ಸರಕೆಂದು ಸೋವಿಯತ್ ನಾಯಕ ಗೋರ್ಬಚೇವರಿಗೆ ಬರೆದು, ಇಸ್ಲಾಮನ್ನು ಅಧ್ಯಯನ ಮಾಡುವಂತೆ ಆಹ್ವಾನಿಸಿದರು. ಮುಂದಿನ ತಿಂಗಳು ಸೋವಿಯತ್ ವಿದೇಶಾಂಗ ಸಚಿವ ಶೆವರ್ದ್‌ನಾಡ್ಜೆ ಟೆಹರಾನಿಗೆ ತಂದ ಉತ್ತರ ರಾಜ್ಯ ರಾಜ್ಯಗಳ ಸಂಬಂಧದ ಭಾಷೆಯಲ್ಲಿತ್ತು. ಖೊಮೇನಿಗೆ ಅದು ರುಚಿಸಲಿಲ್ಲ. 2006ರ ಮೇಯಲ್ಲಿ ಇರಾನಿನ ಅಧ್ಯಕ್ಷ ಅಹ್ಮದಿನೆಜಾದ್ ಅಮೆರಿಕದ ಅಧ್ಯಕ್ಷ ಬುಷ್‌ಗೆ ಬರೆದ 18 ಪುಟಗಳಲ್ಲಿ ಯೇಸುವಿನ ಅನುಯಾಯಿಯಾಗಿ ಹೀಗೆ ನಡೆಯಬಹುದೇ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಇರಾನಿನ ಅಣು ವಿವಾದಕ್ಕೆ ಇದರಲ್ಲಿ ಉತ್ತರವಿಲ್ಲವೆಂದು ಶ್ವೇತಭವನ ಅದನ್ನು ಬದಿಗಿಟ್ಟಿತು.

ಉಪದೇಶ ಬಿಟ್ಟು ಯಾತ್ರಿಕರ ಲೆಕ್ಕಕ್ಕೆ ಇಳಿದಾಗ ಮಾತ್ರ ಕಥೆ ಬೇರೆಯಾಗಿದೆ. ಪಂಜಾಬಿನ ಗಡಿ ಊರಾದ ಡೇರಾ ಬಾಬಾ ನಾನಕ್‌ನ ಭಕ್ತರು ಗಡಿಯಾಚೆ ಪಾಕಿಸ್ತಾನದಲ್ಲಿ ನಾಲ್ಕೂವರೆ ಕಿಲೋಮೀಟರ್ ದೂರದ ಕರ್ತಾರ್‌ಪುರ ಗುರುದ್ವಾರವನ್ನು ವರ್ಷಗಟ್ಟಲೆ ದುರ್ಬೀನಿನಲ್ಲಿ ನೋಡಿ ಕೈಮುಗಿಯುತ್ತಿದ್ದರು. ಬಾಲಾಕೋಟ್ ದಾಳಿ ನಡೆದ, ಪಾಕಿಸ್ತಾನ ರಾಯಭಾರ ಸಂಬಂಧವನ್ನು ಕೆಳಮಟ್ಟಕ್ಕಿಳಿಸಿದ 2019ರಲ್ಲೇ ಎರಡೂ ಕಡೆಯ ಅಧಿಕಾರಿಗಳು ಕೂತು ದಿನಕ್ಕೆ 5000 ಮಂದಿ, ವೀಸಾ ಬೇಡ, ಸಂಜೆಯೊಳಗೆ ಹಿಂದಿರುಗಬೇಕು ಎಂದು ಗೊತ್ತುಮಾಡಿದರು. ಪಾಕಿಸ್ತಾನ ಹಾಕಿದ 20 ಡಾಲರ್ ಶುಲ್ಕಕ್ಕೆ ಭಾರತ ಆಕ್ಷೇಪಿಸುತ್ತಲೇ ಅಕ್ಟೋಬರ್ 24ರಂದು ಸಹಿ ಹಾಕಿತು, ನವೆಂಬರ್ 9ಕ್ಕೆ ದಾರಿ ತೆರೆಯಿತು. ಒಪ್ಪಂದ 2024ರಲ್ಲಿ ಮತ್ತೆ ಐದು ವರ್ಷಕ್ಕೆ ಮುಂದುವರಿಯಿತು. 2025ರ ಮೇ 7ರಂದು, ಆಪರೇಷನ್ ಸಿಂಧೂರ ನಡೆದ ದಿನ, ಭಾರತ ಆ ದಾರಿಯನ್ನು ಮುಚ್ಚಿತು.