ನಾಲ್ಕನೇ ಮ್ಯಾಚಿನ ಕೈಗೆ ಒಗ್ಗುವ ಪ್ಯಾಡಲ್

"ಸರ್, ಬೆಳಿಗ್ಗೆ ಚೆನ್ನಾಗೇ ಬರ್ತಿತ್ತು. ಈಗ ಏನಾಯ್ತೋ, ಮುಟ್ಟಿದ ಬಾಲೆಲ್ಲಾ ಮೇಲೆದ್ದು ಹೋಗ್ತಿದೆ."

ಬೆಂಗಳೂರಿನ ಹೊರವಲಯದ ಒಂದು ಪಿಕಲ್‌ಬಾಲ್ ಟೂರ್ನಮೆಂಟಿನಲ್ಲಿ, ಮಧ್ಯಾಹ್ನ ಮೂರೂವರೆ ಹೊತ್ತಿಗೆ, ನನ್ನ ಬಳಿ ಕಲಿಯುವ ಮಹಿಳೆಯೊಬ್ಬರು ಹೀಗೆ ಹೇಳುತ್ತಾ ಬೆಂಚಿನ ಮೇಲೆ ಕುಸಿದು ಕೂತರು. ವಯಸ್ಸು ನಲವತ್ತಾರು. ಕಾಲೇಜು ದಿನಗಳಲ್ಲಿ ಬ್ಯಾಡ್ಮಿಂಟನ್ ಆಡಿ ಪಳಗಿದ ಕೈ. ಬೆಳಿಗ್ಗೆ ಎಂಟಕ್ಕೆ ಶುರುವಾದ ಗುಂಪು ಹಂತದಲ್ಲಿ ಮೂರೂ ಡಬಲ್ಸ್ ಮ್ಯಾಚ್ ಗೆದ್ದಿದ್ದರು. ನಾಕೌಟಿನ ಮೊದಲ ಮ್ಯಾಚ್, ಅಂದರೆ ದಿನದ ನಾಲ್ಕನೆಯದು, 11-4ರಲ್ಲಿ ಕೈಬಿಟ್ಟಿತು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಕಳೆದುಕೊಂಡ ಪಾಯಿಂಟುಗಳಲ್ಲಿ ಬಹುಪಾಲು ಒಂದೇ ಬಗೆಯವು: ನೆಟ್ಟಿನ ಮೇಲೆ ಸವರಿಕೊಂಡು ಹೋಗಬೇಕಾದ ಮೆತ್ತನೆಯ ಹೊಡೆತ, ಅಂದರೆ ಡಿಂಕ್, ಒಂದು ಮೊಳ ಎದ್ದು ನಿಲ್ಲುವುದು, ಎದುರಿನವರು ಅದನ್ನು ಇವರ ಕಾಲಿಗೆ ಬಡಿಯುವುದು.

ಆ ಮಹಿಳೆಯ ಪ್ಯಾಡಲ್, ಅಂದರೆ ಬಾಲು ಹೊಡೆಯುವ ಹಲಗೆಯಂಥ ಬ್ಯಾಟು, ಇಸಕೊಂಡೆ. ಟೂರ್ನಮೆಂಟಿಗೆಂದೇ ಒಂಬತ್ತು ದಿನದ ಹಿಂದೆ ಕೊಂಡದ್ದು. ಉದ್ದ ಮೈ, 14 ಮಿ.ಮೀ. ದಪ್ಪ, ಸಾಲದ್ದಕ್ಕೆ ತಲೆಯ ತುದಿಯಲ್ಲಿ ತೂಕ ಹೆಚ್ಚಿಸಲು ಅಂಟಿಸಿದ ಸೀಸದ ಟೇಪು. ನನ್ನ ಬ್ಯಾಗಿನಲ್ಲಿ ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿ ಸದಾ ಇರುತ್ತದೆ. ಮೇಲಿಟ್ಟರೆ 246 ಗ್ರಾಂ.

ಅಂಗಡಿಯಲ್ಲಿ ಎರಡು ನಿಮಿಷ ಬೀಸಿ ನೋಡುವ ಕೈ ಬೇರೆ, ನಾಲ್ಕನೇ ಮ್ಯಾಚಿನಲ್ಲಿ ಆಡುವ ಕೈ ಬೇರೆ. ಟೂರ್ನಮೆಂಟಿಗೆ ಪ್ಯಾಡಲ್ ಆರಿಸುವವರು ಆ ಎರಡನೆಯ ಕೈಯನ್ನು ಕೇಳಿ ಆರಿಸಬೇಕು. ವರ್ಷಗಟ್ಟಲೆ ಬ್ಯಾಡ್ಮಿಂಟನ್ ಕಲಿಸಿ, ಈಗ ಪಿಕಲ್‌ಬಾಲ್ ಕಲಿಸುತ್ತಿರುವ ನಾನು ಪ್ರತಿ ಶಿಷ್ಯರಿಗೂ ಒತ್ತಿ ಹೇಳುವ ಮಾತು ಇದೊಂದೇ. ಉಳಿದ ಲೆಕ್ಕವೆಲ್ಲ ಇದರ ಹಿಂದೆ ಬರುತ್ತದೆ.

ದಣಿದ ಕೈಯಲ್ಲಿ ಮೊದಲು ಕೆಡುವುದು ಮೆತ್ತನೆಯ ಹೊಡೆತ. ಸ್ಮ್ಯಾಶ್‌ಗೆ ಭುಜ, ಸೊಂಟ, ಕಾಲು ಎಲ್ಲವೂ ನೆರವಾಗುತ್ತವೆ; ಸುಸ್ತಾದರೂ ಹೇಗೋ ಆಗಿಹೋಗುತ್ತದೆ. ಡಿಂಕ್, ಡ್ರಾಪ್, ರೀಸೆಟ್ (ಜೋರಾಗಿ ಬಂದ ಬಾಲನ್ನು ಮೆತ್ತಗೆ ಇಳಿಸುವುದು) ಹಾಗಲ್ಲ, ಅವು ಬೆರಳಿನ ಹಿಡಿತದ ಮೇಲೆ ನಿಂತಿವೆ. ಮುಂದೋಳು ಸೋತಾಗ ನಮಗೇ ಅರಿವಿಲ್ಲದೆ ಹಿಡಿ ಬಿಗಿಯುತ್ತೇವೆ. ಬಿಗಿ ಹಿಡಿಯಿಂದ ಬಾಲು ಚಿಮ್ಮುತ್ತದೆ. ಡಬಲ್ಸ್‌ನಲ್ಲಿ ಸರ್ವ್ ಮಾಡಿದವರು ಹಿಂದಿನ ಗೆರೆಯಿಂದ ಕಳಿಸುವ ಮೂರನೇ ಹೊಡೆತ, ಅಂದರೆ ಡ್ರಾಪ್, ನಡುವಿನಲ್ಲಿ 34 ಇಂಚು ಎತ್ತರವಿರುವ ನೆಟ್ ದಾಟಿ, ಆಚೆ ನೆಟ್ಟಿಗೆ ತಾಗಿದ 7 ಅಡಿಯ ಪಟ್ಟಿಯಾದ ಕಿಚನ್‌ನೊಳಗೆ ಇಳಿಯಬೇಕು. ಅಂಗೈ ಅಗಲ ಎತ್ತರ ಹೆಚ್ಚಾದರೂ ಪಾಯಿಂಟ್ ಎದುರಿನವರದು. ಹೀಗಿರುವಾಗ, ನಿಮ್ಮ ಅತ್ಯುತ್ತಮ ಡ್ರೈವ್ (ನೇರ, ರಭಸದ ಹೊಡೆತ) ಇನ್ನಷ್ಟು ಜೋರಾಗಲಿ ಎಂದು ಪ್ಯಾಡಲ್ ಕೊಳ್ಳುವುದಕ್ಕಿಂತ, ನಿಮ್ಮ ದಣಿದ ಡ್ರಾಪ್ ಕೆಡದಿರಲಿ ಎಂದು ಕೊಳ್ಳುವುದು ಎಷ್ಟೋ ಮೇಲು.

ತೂಕದಿಂದ ಶುರು ಮಾಡೋಣ. ಬ್ಯಾಡ್ಮಿಂಟನ್ ರಾಕೆಟ್ 80ರಿಂದ 90 ಗ್ರಾಂ ತೂಗುತ್ತದೆ. ಪಿಕಲ್‌ಬಾಲ್ ಪ್ಯಾಡಲ್‌ಗಳು ಸಾಮಾನ್ಯವಾಗಿ 210ರಿಂದ 240 ಗ್ರಾಂ. ಬ್ಯಾಡ್ಮಿಂಟನ್‌ನಿಂದ ಬಂದವರು ನಮ್ಮಲ್ಲಿ ಬಹಳ. ಅವರ ಮಣಿಕಟ್ಟಿಗೆ ಈ ವ್ಯತ್ಯಾಸವೇ ದೊಡ್ಡ ಹೊರೆ. ಆದರೆ ಪೆಟ್ಟಿಗೆಯ ಮೇಲೆ ಬರೆದ ಗ್ರಾಂ ಅರ್ಧ ಸತ್ಯ ಮಾತ್ರ. ಸುತ್ತಿಗೆಯನ್ನು ಕಾವಿನ ತುದಿಯಲ್ಲಿ ಹಿಡಿದು ಬೀಸಿ, ಆಮೇಲೆ ತಿರುಗಿಸಿ ತಲೆಯ ಕಡೆ ಹಿಡಿದು ಬೀಸಿ ನೋಡಿ. ತೂಕ ಅಷ್ಟೇ, ಕೈಗೆ ಅನಿಸುವ ಭಾರ ಬೇರೆ. ಆ ಬೀಸುವ ಭಾರವನ್ನೇ ಸ್ವಿಂಗ್ ವೆಯ್ಟ್ ಅನ್ನುತ್ತಾರೆ. ಉದ್ದ ಮೈಯ ಪ್ಯಾಡಲ್‌ನಲ್ಲಿ ಅದು ಹೆಚ್ಚು, ಅಗಲ ಮೈಯದರಲ್ಲಿ ಕಡಿಮೆ. ನೆಟ್ಟಿನ ಮುಂದೆ ನಾಲ್ವರೂ ನಿಂತು ಬಾಲು ಪಟಪಟನೆ ಓಡಾಡುವಾಗ ಗೆಲ್ಲಿಸುವುದು ಬೇಗ ತಿರುಗುವ ಪ್ಯಾಡಲ್. ಉದ್ದದ್ದು ಸಿಂಗಲ್ಸ್ ಆಡುವವರಿಗೆ, ಟೆನಿಸ್‌ನಿಂದ ಬಂದು ಎರಡು ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುವವರಿಗೆ ನಿಜಕ್ಕೂ ಉಪಯೋಗ. ಅವರಿಗೆ ಐದೂವರೆ ಇಂಚು ಉದ್ದದ ಹಿಡಿಯೂ ಬೇಕು. ಡಬಲ್ಸ್ ಮಾತ್ರ ಆಡುವ, ನಲವತ್ತು ದಾಟಿದ ಆಟಗಾರರಿಗೆ ನಾನು ಉದ್ದ ಮೈಯದನ್ನು ಹೇಳುವುದೇ ಇಲ್ಲ.

ಟೇಪಿನ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಪ್ಯಾಡಲ್‌ನ ಮುಖವನ್ನು ಗಡಿಯಾರ ಅಂದುಕೊಳ್ಳಿ. ಹನ್ನೆರಡರ ಜಾಗಕ್ಕೆ ಅಂಟಿಸಿದರೆ ಹೊಡೆತಕ್ಕೆ ತೂಕ ಬರುತ್ತದೆ, ಕೈ ನಿಧಾನವಾಗುತ್ತದೆ. ಮೂರು ಮತ್ತು ಒಂಬತ್ತರ ಜಾಗಕ್ಕೆ ಅಂಟಿಸಿದರೆ, ಬಾಲು ನಡುವೆ ತಾಗದೆ ಅಂಚಿಗೆ ತಾಗಿದಾಗಲೂ ಪ್ಯಾಡಲ್ ಕೈಯಲ್ಲಿ ಹೊರಳುವುದಿಲ್ಲ. ದಣಿದ ಕೈ ನಡುವೆ ತಾಗಿಸುವುದು ಕಡಿಮೆ. ಹಾಗಾಗಿ ಅಂಟಿಸಲೇಬೇಕಿದ್ದರೆ ಪಕ್ಕಗಳಿಗೆ, ತಲಾ ಎರಡು ಮೂರು ಗ್ರಾಂ ಸಾಕು. ಸೀಸ ಮುಟ್ಟಿದ ಕೈ ತೊಳೆಯದೆ ಬಾಳೆಹಣ್ಣು ಸುಲಿಯಬೇಡಿ. ಟಂಗ್‌ಸ್ಟನ್ ಟೇಪು ಸಿಗುತ್ತದೆ, ಬೆಲೆ ಹೆಚ್ಚು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದೇ ಇರಲಿ.

ಒಳಗಿನ ಕೋರ್ ಬಗ್ಗೆ ಒಂದಿಷ್ಟು ಹಳೆಯ ಕಥೆ. 1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ ಈ ಆಟ ಹುಟ್ಟಿದ ಹೊಸದರಲ್ಲಿ ಪ್ಯಾಡಲ್ ಅಂದರೆ ಗರಗಸದಲ್ಲಿ ಕೊಯ್ದ ಪ್ಲೈವುಡ್. 1984ರಲ್ಲಿ ಬೋಯಿಂಗ್ ಕಂಪನಿಯ ಎಂಜಿನಿಯರ್ ಆರ್ಲೆನ್ ಪ್ಯಾರಾಂಟೊ, ವಿಮಾನದ ನೆಲಹಾಸಿಗೆ ಬಳಸುತ್ತಿದ್ದ ಜೇನುಗೂಡಿನಂಥ ಹಲಗೆಯಿಂದ ಪ್ಯಾಡಲ್ ಮಾಡಿದರು. ಹಗುರ, ಆದರೂ ಗಟ್ಟಿ. ಇವತ್ತಿಗೂ ಬಹುತೇಕ ಪ್ಯಾಡಲ್‌ಗಳ ಹೊಟ್ಟೆಯಲ್ಲಿರುವುದು ಅದೇ ಜೇನುಗೂಡು. ಈಗ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದು. ಫೋಮ್ ತುಂಬಿದವೂ ಬಂದಿವೆ. ಜೇನುಗೂಡು ದಪ್ಪವಾದಷ್ಟೂ ಬಾಲಿನ ಏಟನ್ನು ಹೆಚ್ಚು ನುಂಗುತ್ತದೆ. 16 ಮಿ.ಮೀ.ನದು ಮೆತ್ತಗೆ, ಹೇಳಿದ ಮಾತು ಕೇಳುತ್ತದೆ, 13-14ರದು ಚಿಮ್ಮಿಸುತ್ತದೆ. ಮುಖಕ್ಕೆ ಫೈಬರ್‌ಗ್ಲಾಸ್ ಇದ್ದರೆ ಚಿಮ್ಮು ಇನ್ನೂ ಹೆಚ್ಚು, ಒರಟು ಕಾರ್ಬನ್ ಫೈಬರ್ ಇದ್ದರೆ ಸ್ಪಿನ್ ಹಿಡಿಯುತ್ತದೆ. ಕಾರ್ಬನ್‌ನ ಆ ಒರಟು ಆಡುತ್ತಾ ಆಡುತ್ತಾ ಸವೆಯುತ್ತದೆ ಅನ್ನುವುದು ನೆನಪಿರಲಿ. ಅದಕ್ಕೆಂದೇ ಸಿಗುವ ರಬ್ಬರ್ ತುಂಡಿನಿಂದ ವಾರಕ್ಕೊಮ್ಮೆ ಉಜ್ಜಿ, ಕೂತ ಪ್ಲಾಸ್ಟಿಕ್ ಪುಡಿ ತೆಗೆಯಿರಿ.

ಹಿಡಿಯ ಸುತ್ತಳತೆಯನ್ನು ಯಾರೂ ಕೇಳುವುದಿಲ್ಲ. ಮೊಣಕೈ ನೋವು ಬಂದ ಮೇಲೆ ಕೇಳುತ್ತಾರೆ. ಪ್ಯಾಡಲ್ ಹಿಡಿದುಕೊಳ್ಳಿ. ಉಂಗುರದ ಬೆರಳಿನ ತುದಿಗೂ ಅಂಗೈ ಉಬ್ಬಿಗೂ ನಡುವೆ ಇನ್ನೊಂದು ಕೈಯ ತೋರುಬೆರಳು ತೂರಿಸಿ. ಸಲೀಸಾಗಿ ಕೂತರೆ ಅಳತೆ ಸರಿ. ತೂರದಿದ್ದರೆ ಹಿಡಿ ಸಣ್ಣದು, ಜಾಗ ಮಿಕ್ಕರೆ ದಪ್ಪದ್ದು. ಸಣ್ಣದಿದ್ದರೆ ಮೇಲೆ ತೆಳು ಪಟ್ಟಿ, ಅಂದರೆ ಓವರ್‌ಗ್ರಿಪ್ ಸುತ್ತಿ ಸರಿ ಮಾಡಬಹುದು, ದಪ್ಪದ್ದನ್ನು ಕೆತ್ತಲು ಬರುವುದಿಲ್ಲ. ಹಾಗಾಗಿ ಸಂಶಯ ಬಂದರೆ ಸಣ್ಣದನ್ನೇ ಕೊಳ್ಳಿ. ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ಆಡುವವರಿಗೆ ಬೆವರು ಹೀರುವ ಓವರ್‌ಗ್ರಿಪ್ ಅನ್ನ-ನೀರಿನಷ್ಟೇ ಅಗತ್ಯ. ಒದ್ದೆ ಹಿಡಿ ಜಾರುತ್ತದೆಂದು ಬಿಗಿ ಹಿಡಿಯುತ್ತೀರಿ, ಬಿಗಿ ಹಿಡಿದರೆ ಡಿಂಕ್ ಮೇಲೇಳುತ್ತದೆ, ಸಂಜೆಗೆ ಮೊಣಕೈ ಹೊರಬದಿ ನೋಯುತ್ತದೆ. ಎರಡು ಮ್ಯಾಚಿಗೊಮ್ಮೆ ಹೊಸದು ಸುತ್ತಿ. ನೂರಿನ್ನೂರು ರೂಪಾಯಿಯ ಮಾತು.

ಕರಾವಳಿ ಅಂದಾಗ ಇನ್ನೊಂದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಕರಾವಳಿಗಿಂತ ಶೇಕಡಾ ಎಂಟೊಂಬತ್ತರಷ್ಟು ತೆಳು. ತೂತು ತೂತಿನ ಈ ಹಗುರ ಬಾಲು ಗಾಳಿಯ ಮಾತನ್ನೇ ಕೇಳುವುದು. ಇಲ್ಲಿ ಅಳೆದು ಹೊಡೆದ ಡ್ರಾಪ್ ಮುಂಬೈಯಲ್ಲೋ ಮಂಗಳೂರಿನಲ್ಲೋ ನೆಟ್ಟಿಗೆ ಬೀಳಬಹುದು. ಅದಕ್ಕೆ ಪ್ಯಾಡಲ್ ದೂರಬೇಡಿ, ಅಲ್ಲಿಗೆ ಒಂದು ದಿನ ಮೊದಲೇ ಹೋಗಿ ಒಂದು ಗಂಟೆ ಡ್ರಾಪ್ ಹೊಡೆಯಿರಿ.

ನಿಯಮಕ್ಕೆ ಬರೋಣ. ಅಮೆರಿಕದ ಪಿಕಲ್‌ಬಾಲ್ ಸಂಸ್ಥೆಯಾದ ಯುಎಸ್‌ಎ ಪಿಕಲ್‌ಬಾಲ್ ನಿಯಮದಂತೆ ಪ್ಯಾಡಲ್‌ನ ಉದ್ದ 17 ಇಂಚು ಮೀರಬಾರದು, ಉದ್ದ-ಅಗಲ ಕೂಡಿಸಿದರೆ 24 ಇಂಚು ಮೀರಬಾರದು; ತೂಕಕ್ಕೆ, ದಪ್ಪಕ್ಕೆ ಮಿತಿಯಿಲ್ಲ. ಮುಖದ ಒರಟಿಗೆ ಮಿತಿಯಿದೆ, ಚಿಮ್ಮಿಸುವ ಗುಣಕ್ಕೂ ಈಗ ಪರೀಕ್ಷೆಯಿದೆ. 2024ರಲ್ಲಿ ಹೆಸರಾಂತ ಕಂಪನಿಯೊಂದರ ಹೊಸ ಮಾದರಿಗಳೇ ಅನುಮೋದಿತ ಪಟ್ಟಿಯಿಂದ ಹೊರಬಿದ್ದವು. ಆದ್ದರಿಂದ ಹೆಸರು ಕೊಡುವ ಮುನ್ನ ಆಯೋಜಕರ ಸೂಚನೆ ಓದಿ, ಯಾವ ಪಟ್ಟಿ ಒಪ್ಪುತ್ತಾರೆ ಎಂದು ಕೇಳಿ, ನಿಮ್ಮ ಮಾದರಿಯ ಪೂರ್ತಿ ಹೆಸರನ್ನು ಪಟ್ಟಿಯಲ್ಲಿ ಹುಡುಕಿ. ಅನುಮೋದನೆಯ ಮುದ್ರೆ ಇದ್ದ ಮಾತ್ರಕ್ಕೆ ನಂಬಬೇಡಿ. ನನ್ನ ಶಿಷ್ಯನೊಬ್ಬ ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ತರಿಸಿದ ಪ್ಯಾಡಲ್ ಮೇಲೂ ಮುದ್ರೆ ಅಚ್ಚುಕಟ್ಟಾಗಿತ್ತು. ನಕಲಿ. ಆರನೇ ವಾರಕ್ಕೆ ಮುಖದ ಪದರ ಕೋರ್‌ನಿಂದ ಬಿಟ್ಟುಕೊಂಡಿತು.

ಹಾಗೆ ಬಿಟ್ಟುಕೊಂಡ ಪ್ಯಾಡಲ್ ಸ್ಪ್ರಿಂಗಿನ ಹಾಗೆ ಚಿಮ್ಮುತ್ತದೆ. ಕೆಲವರಿಗೆ ಮೊದಲು ಖುಷಿಯಾಗುತ್ತದೆ, ಹೊಡೆತ ಜೋರಾಯಿತಲ್ಲ ಎಂದು. ಅದರಲ್ಲಿ ಆಡುವುದು ನಿಯಮಕ್ಕೆ ವಿರುದ್ಧ. ಪರೀಕ್ಷೆ ಸುಲಭ: ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿ ತಟ್ಟಿ ನೋಡುತ್ತಿದ್ದಂತೆ, ಬೆರಳ ಗೆಣ್ಣಿನಿಂದ ಮುಖದ ಉದ್ದಗಲ ತಟ್ಟುತ್ತಾ ಹೋಗಿ. ಒಂದು ಕಡೆ ದನಿ ಟೊಳ್ಳಾದರೆ, ಹೆಬ್ಬೆರಳು ಒತ್ತಿದಾಗ ಮುಖ ಒಳಗೆ ಹೋಗಿ ಬಂದಂತಾದರೆ, ಅದರ ಕಾಲ ಮುಗಿಯಿತು. ಟೂರ್ನಮೆಂಟಿಗೆ ಹದಿನೈದು ದಿನ ಮೊದಲೇ ತಟ್ಟಿ ನೋಡಿ.

ಈಗ ಆರಿಸುವ ಬಗೆ. ಆ ಸೋಲಿನ ಮುಂದಿನ ಭಾನುವಾರ ಅದೇ ಮಹಿಳೆಯನ್ನು ಕರೆದು ಮೂರು ಪ್ಯಾಡಲ್ ಕೊಟ್ಟೆ. ಬ್ರ್ಯಾಂಡಿನ ಹೆಸರು ಕಾಣದಂತೆ ಮೂರಕ್ಕೂ ಕಾಗದದ ಟೇಪು ಅಂಟಿಸಿ ಅ, ಆ, ಇ ಎಂದು ಬರೆದಿದ್ದೆ. ಒಂದು ಅವರದೇ. ಎರಡನೆಯದು ಅದಕ್ಕಿಂತ ದುಬಾರಿ. ಮೂರನೆಯದು 16 ಮಿ.ಮೀ.ನ ಅಗಲ ಮೈಯದು, 222 ಗ್ರಾಂ, ಬೆಲೆ ಅವರದ್ದರ ಅರ್ಧಕ್ಕೂ ಕಡಿಮೆ. ಮೊದಲು ನಲವತ್ತು ನಿಮಿಷ ಬೇರೆ ಯಾವುದೋ ಪ್ಯಾಡಲ್‌ನಲ್ಲಿ ಓಡಾಡಿಸಿ, ಬೆವರಿಳಿಸಿ, ಮುಂದೋಳು ಭಾರವಾಯಿತು ಎಂದು ಅವರೇ ಹೇಳಿದ ಮೇಲೆ ಎಣಿಕೆ ಶುರು. ಒಂದೊಂದರಲ್ಲೂ ಹಿಂದಿನ ಗೆರೆಯಿಂದ ಇಪ್ಪತ್ತು ಡ್ರಾಪ್, ಜೋರಾಗಿ ಬಂದ ಬಾಲನ್ನು ಕಿಚನ್‌ಗೆ ಇಳಿಸುವ ಇಪ್ಪತ್ತು ರೀಸೆಟ್. ಕೊನೆಗೆ ಹತ್ತು ಡ್ರೈವ್; ಅದು ಬರೀ ಮನಸ್ಸಿನ ಸಮಾಧಾನಕ್ಕೆ.

ಸೀಮೆಸುಣ್ಣದ ತುಂಡಿನಿಂದ ನೆಲದ ಮೇಲೇ ಬರೆಯುತ್ತಾ ಹೋದೆ. ಅವರ ಪ್ಯಾಡಲ್‌ನಲ್ಲಿ ಇಪ್ಪತ್ತರಲ್ಲಿ ಎಂಟು ಡ್ರಾಪ್ ಸರಿ ಬಿದ್ದವು. ದುಬಾರಿಯದರಲ್ಲಿ ಹತ್ತು. ಮೂರನೆಯದರಲ್ಲಿ ಹದಿನಾಲ್ಕು. ಡ್ರೈವ್ ಮಾತ್ರ ಅವರದ್ದರಲ್ಲೇ ಜೋರು, ಅದನ್ನು ಅವರೂ ಕಂಡರು. ಅಲ್ಲಿಗೆ ಬಿಡದೆ, ಬುಧವಾರ ಸಂಜೆ ಕೆಲಸ ಮುಗಿಸಿ ಬಂದಾಗ ಕ್ರಮ ಬದಲಿಸಿ ಇನ್ನೊಮ್ಮೆ ಎಣಿಸಿದೆವು. ಒಂದು ದಿನದ ಎಣಿಕೆಯನ್ನು ನಂಬಿ ಹಣ ಸುರಿಯಬಾರದು. ಮೂರನೆಯದೇ ಮುಂದಿತ್ತು. ಟೇಪು ಕಿತ್ತು ಬೆಲೆ ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಷ್ಟಪಟ್ಟು ಗಳಿಸಿದ ಹಣವನ್ನು ಬೇರೆ ಪ್ಯಾಡಲ್‌ಗೆ ಸುರಿದಾಗಿತ್ತು. ಕೊಳ್ಳುವ ಮೊದಲೇ ಇದನ್ನು ಮಾಡಬೇಕಿತ್ತು ಎಂದು ನನಗೂ ಹೊಟ್ಟೆ ಚುರುಕ್ ಅಂದಿತು. ಗೆಳೆಯರ ಪ್ಯಾಡಲ್ ಎರವಲು ಪಡೆಯಿರಿ. ಆಡಿ ನೋಡಲು ಕೊಡುವ ಅಂಗಡಿ, ಕೋರ್ಟುಗಳು ಈಗ ಬೇಕಾದಷ್ಟಿವೆ. ಕೇಳುವುದಕ್ಕೆ ಸಂಕೋಚ ಬೇಡ.

ಆರಿಸಿದ ಮೇಲೆ ಮೂರು ವಾರ ಅದರಲ್ಲೇ ಆಡಿ. ಮೂರು ವಾರಕ್ಕಿಂತ ಕಡಿಮೆ ಉಳಿದಿದ್ದರೆ ಹಳೆಯದರಲ್ಲೇ ಟೂರ್ನಮೆಂಟ್ ಆಡಿ ಬನ್ನಿ, ಹೊಸದು ಕಾಯುತ್ತದೆ. ಕೈಗೆ ಗೊತ್ತಿರುವ ಹಳೆಯ ಪ್ಯಾಡಲ್, ಪರಿಚಯವಿಲ್ಲದ ಒಳ್ಳೆಯ ಪ್ಯಾಡಲ್‌ಗಿಂತ ಒಂದು ಗುಂಪು ಹಂತವನ್ನಾದರೂ ದಾಟಿಸುತ್ತದೆ. ಸಾಧ್ಯವಿದ್ದರೆ ಅದೇ ಮಾದರಿಯದು ಎರಡಿರಲಿ, ಎರಡಕ್ಕೂ ಅಷ್ಟೇ ಓವರ್‌ಗ್ರಿಪ್, ಅಷ್ಟೇ ಟೇಪು, ತಕ್ಕಡಿಯಲ್ಲಿ ಅಷ್ಟೇ ತೂಕ. ಎರಡನೆಯದನ್ನೂ ವಾರಕ್ಕೊಂದು ದಿನ ಆಡಿ ಪಳಗಿಸಿ.

ಟೂರ್ನಮೆಂಟಿನ ದಿನ ಮ್ಯಾಚುಗಳ ನಡುವೆ ಪ್ಯಾಡಲ್ ಬ್ಯಾಗನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಡಬೇಡಿ. ಒಳಗಿನ ಕಾವಿಗೆ ಅಂಟು ಸಡಿಲಗೊಳ್ಳುತ್ತದೆ, ಪದರ ಬಿಡುವುದು ಅಲ್ಲಿಂದಲೇ ಶುರು. ನೆರಳಲ್ಲಿ, ಕೂತ ಕುರ್ಚಿಯ ಕೆಳಗೆ, ಒಣ ಟವಲ್ಲಿನಲ್ಲಿ ಸುತ್ತಿ ಇಡಿ. ನಾಲ್ಕನೇ ಮ್ಯಾಚಿಗೆ ಕರೆ ಬಂದಾಗ ಹೊಸ ಓವರ್‌ಗ್ರಿಪ್ ಸುತ್ತಿಕೊಂಡು, ಹತ್ತು ಡಿಂಕ್ ಮೆಲ್ಲಗೆ ಆಡಿ, ಆಮೇಲೆ ಸರ್ವ್‌ಗೆ ನಿಲ್ಲಿ.