ನನ್ನ ಕಣ್ಣು ಮಗನಿಗೆ ಹಾಕಿ ಎನ್ನುವ ತಾಯಂದಿರಿಗೆ

"ನನಗೆ ವಯಸ್ಸಾಯಿತು ಡಾಕ್ಟರೇ, ನನ್ನ ಒಂದು ಕಣ್ಣು ತೆಗೆದು ಮಗನಿಗೆ ಹಾಕಿಬಿಡಿ." ಹೆಚ್ಚಾಗಿ ಕಣ್ಣೊಳಗಿನ ಒತ್ತಡದಿಂದ ದೃಷ್ಟಿನರ ಸಾಯುವ ಗ್ಲಾಕೋಮಾ ರೋಗಕ್ಕೆ ಚಿಕಿತ್ಸೆ ಮಾಡುವ ನಾನು ಈ ಮಾತು ಕೇಳದ ತಿಂಗಳಿಲ್ಲ. ಕಳೆದ ವಾರ ಕೇಳಿದ ತಾಯಿಯ ಮಗನಿಗೆ ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿನ ನಡುವೆ ಒಂದಿಷ್ಟು ನೋಟ ಉಳಿದಿದೆ. ಹೇಗೂ ಕಣ್ಣು ಬದಲಿಸಬಹುದಲ್ಲ ಎಂದು ಅವನು ಹನಿ ಹಾಕುವುದನ್ನೇ ಬಿಟ್ಟು ಎಂಟು ತಿಂಗಳಾಗಿತ್ತು. ನನಗೆ ಸಿಟ್ಟು ಬಂತು. ಆಕೆಯ ಮುಖ ನೋಡಿ ನುಂಗಿಕೊಂಡೆ.

"ಪುನೀತ್ ರಾಜ್‌ಕುಮಾರ್ ಕಣ್ಣಿನಿಂದ ನಾಲ್ವರಿಗೆ ನೋಟ ಬರಲಿಲ್ಲವೇ?" ಎಂದು ಆಕೆ ಕೇಳಿದರು. ಬಂತು. 2021ರಲ್ಲಿ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಜೋಡಿಸಿದರು. ಕಾರ್ನಿಯಾ ಎಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಿಟಕಿಯ ಗಾಜಿದ್ದಂತೆ. ಆ ನಾಲ್ವರಿಗೆ ಕೆಟ್ಟಿದ್ದು ಗಾಜು. ಗ್ಲಾಕೋಮಾದಲ್ಲಿ ಸಾಯುವುದು ಹಿಂದಿನ ನರ. ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರವಾದ ಅಕ್ಷಿಪಟಲದ ಗ್ಯಾಂಗ್ಲಿಯಾನ್ ಎಂಬ ನರಕೋಶಗಳು ಒಂದೊಂದೂ ಒಂದು ಎಳೆ ಚಾಚುತ್ತವೆ. ಅಂಥ ಸುಮಾರು ಹತ್ತು ಲಕ್ಷ ಎಳೆಗಳು ಸೇರಿ ದೃಷ್ಟಿನರವಾಗಿ ಮಿದುಳಿಗೆ ಹೋಗುತ್ತವೆ. ಇಡೀ ಕಣ್ಣನ್ನೇ ತಂದು ಕೂರಿಸಿದರೂ ಅಷ್ಟೂ ಎಳೆಗಳು ಮತ್ತೆ ಬೆಳೆದು ಮಿದುಳಿನಲ್ಲಿ ತಮ್ಮ ತಮ್ಮ ಜಾಗ ಹುಡುಕಿಕೊಳ್ಳಬೇಕು. 2023ರಲ್ಲಿ ನ್ಯೂಯಾರ್ಕಿನ ವೈದ್ಯರು ಒಬ್ಬರಿಗೆ ಮುಖದ ಭಾಗದೊಡನೆ ಇಡೀ ಕಣ್ಣನ್ನು ಕಸಿ ಮಾಡಿದರು. ಕಣ್ಣಿಗೆ ರಕ್ತ ಹರಿಯಿತು, ನೋಟ ಬರಲಿಲ್ಲ.

ಕಡಿದ ಎಳೆ ಮತ್ತೆ ಏಕೆ ಬೆಳೆಯುವುದಿಲ್ಲ? ಇದಕ್ಕೆ ಉತ್ತರ ಹುಡುಕಿದವರಲ್ಲಿ ನನಗೆ ತುಂಬ ಗೌರವ ಇರುವುದು ಅಮೆರಿಕದ ಬೆನ್ ಬ್ಯಾರಸ್ ಅವರ ಮೇಲೆ. ನರರೋಗ ವೈದ್ಯರಾಗಿ ತರಬೇತಾದವರು, ರೋಗಿಗಳಿಗೆ ಕೊಡಲು ಏನೂ ಇಲ್ಲವೆನ್ನುವುದನ್ನು ಕಂಡು ಪ್ರಯೋಗಾಲಯಕ್ಕೆ ಹೋದವರು. ಇಲಿಯ ಅಕ್ಷಿಪಟಲದಲ್ಲಿ ಗ್ಯಾಂಗ್ಲಿಯಾನ್ ಕೋಶಗಳು ನೂರಕ್ಕೆ ಒಂದೂ ಇರುವುದಿಲ್ಲ. ಅವನ್ನಷ್ಟೇ ಬೇರ್ಪಡಿಸಲು 1988ರಲ್ಲಿ ಅವರು ಮತ್ತು ಸಂಗಡಿಗರು ತಟ್ಟೆಯ ತಳಕ್ಕೆ ಆ ಕೋಶಗಳನ್ನು ಹಿಡಿದುಕೊಳ್ಳುವ ಪ್ರೋಟೀನನ್ನು (ಪ್ರತಿಕಾಯ) ಸವರಿ, ಬಿಡಿಸಿದ ಕೋಶಗಳನ್ನು ಸುರಿದರು. ಬೇಕಾದವು ಅಂಟಿಕೊಂಡವು, ಮಿಕ್ಕವು ತೊಳೆದುಹೋದವು. ಅಜ್ಜಿ ಮೊರದಲ್ಲಿ ಕೇರಿ ಕಾಳು ಉಳಿಸಿಕೊಳ್ಳುತ್ತಿದ್ದಂತೆ.

ಹೀಗೆ ಶುದ್ಧವಾಗಿ ಸಿಕ್ಕ ಕೋಶಗಳಿಂದಲೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅವರ ಮುಂದಿನ ಎಷ್ಟೋ ಕೆಲಸ ನಡೆಯಿತು. ನರಕೋಶಗಳ ಸುತ್ತಲಿನ ಗ್ಲಿಯಾ ಕೋಶಗಳು ಬರೀ ಆಸರೆಗೆ ಇರುವಂಥವು ಎಂದು ಬಹುಮಂದಿ ತಿಳಿದಿದ್ದರು. ಅವುಗಳ ಜೊತೆಯಲ್ಲಿ ಬೆಳೆಸಿದ ಗ್ಯಾಂಗ್ಲಿಯಾನ್ ಕೋಶಗಳ ನಡುವೆ ಏಳು ಪಟ್ಟು ಹೆಚ್ಚು ಸಂಪರ್ಕಗಳು ಮೂಡುತ್ತವೆಂದು 2001ರಲ್ಲಿ ತೋರಿಸಿದರು. ಮರುವರ್ಷ ಕಂಡದ್ದು ನನ್ನ ರೋಗಿಗಳಿಗೆ ನೇರ ಸಂಬಂಧಿಸಿದ್ದು: ಭ್ರೂಣದ ಗ್ಯಾಂಗ್ಲಿಯಾನ್ ಕೋಶ ಎಳೆಯನ್ನು ಹುಟ್ಟಿದ ಮೇಲಿನದಕ್ಕಿಂತ ಹತ್ತು ಪಟ್ಟು ವೇಗದವರೆಗೂ ಬೆಳೆಸಬಲ್ಲದು. ನೆರೆಯ ಅಮಕ್ರಿನ್ ಕೋಶಗಳ ಸಂಕೇತ ಬಂದೊಡನೆ ಆ ಶಕ್ತಿ ಕುಗ್ಗುತ್ತದೆ, ಮತ್ತೆ ಮರಳುವುದಿಲ್ಲ. 2017ರಲ್ಲಿ ಅವರ ತಂಡ ಇನ್ನೊಂದನ್ನು ತೋರಿಸಿತು. ನರಕ್ಕೆ ಪೆಟ್ಟು ಬಿದ್ದಾಗ ಕೆಲವು ಗ್ಲಿಯಾ ಕೋಶಗಳೇ ವಿಷಕಾರಿಯಾಗಿ ಗ್ಯಾಂಗ್ಲಿಯಾನ್ ಕೋಶಗಳನ್ನು ಕೊಲ್ಲುತ್ತವೆ. ಹಾಗಾಗದಂತೆ ತಡೆದಾಗ ಇಲಿಗಳಲ್ಲಿ ಆ ಕೋಶಗಳು ಉಳಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ಯಾರಸ್ ಕ್ಯಾನ್ಸರ್‌ನಿಂದ ತೀರಿಕೊಂಡರು. 63 ವರ್ಷ.

ಇದೆಲ್ಲ ಔಷಧಿಯಾಗಿ ಅಂಗಡಿಗೆ ಬಂದಿಲ್ಲ. ಯಾವಾಗ ಬರುತ್ತದೆಂದು ನಾನು ಹೇಳಲಾರೆ. ಸೂಜಿ ಹಾಕಿ ನರ ಚಿಗುರಿಸುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ, ದಯವಿಟ್ಟು ಮೊದಲು ನಿಮ್ಮ ಕಣ್ಣಿನ ವೈದ್ಯರಿಗೆ ಫೋನ್ ಮಾಡಿ. ಕಣ್ಣಿನ ಒತ್ತಡ ಇಳಿಸಿ ಉಳಿದ ಎಳೆಗಳನ್ನು ಕಾಯುವುದು ನಮ್ಮ ಕೈಯಲ್ಲಿದೆ. ಹೆಚ್ಚಿನವರಿಗೆ ಅದು ಹನಿಯಿಂದಲೇ ಆಗುತ್ತದೆ, ಕೆಲವರಿಗೆ ಲೇಸರ್ ಅಥವಾ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಆ ತಾಯಿಗೆ ಇಷ್ಟನ್ನೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಹನಿ ಹಾಕುವುದನ್ನು ನನಗೆ ಕಲಿಸಿ" ಎಂದರು. ಮಗನ ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆ ಎಳೆದು, ಒಂದೇ ಹನಿ ಬಿಟ್ಟು, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದರು. ಎರಡು ನಿಮಿಷವಾಗುವವರೆಗೂ ಗೋಡೆ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ.